‘ಏನಿಲ್ರೀ’ ಎಂದ ಕಬಡ್ಡಿ ಆಟಗಾರ

ಹುಬ್ಬಳ್ಳಿ ಕಡೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಸಂಜೋತಾ ಎಂಬ ವಿದ್ಯಾರ್ಥಿನಿ ಇದ್ದಳು. ಓದಿನಲ್ಲಿ ಎತ್ತಿದ ಕೈ. ತಲೆಗೆ ಪೆಟ್ಟು ಬಿದ್ದು ಮಿದುಳು ಒಳಗೊಳಗೇ ಅಲುಗಾಡಿದರೆ ಡಾಕ್ಟರರು ಕನ್‌ಕಷನ್ ಎನ್ನುತ್ತಾರಲ್ಲ, ಅದರ ಇಪ್ಪತ್ತೆರಡು ಲಕ್ಷಣಗಳನ್ನು ಅವಳು ಮಗ್ಗಿಯಂತೆ ಒಪ್ಪಿಸುತ್ತಿದ್ದಳು. ಕೇಳಿದವರು ಬೆರಗಾಗಬೇಕು. ಅವಳಿಗೂ ಬೇಕಾದದ್ದು ಅದೇ.

ಒಂದು ಬೆಳಿಗ್ಗೆ ಅವಳ ಗುರುಗಳಾದ ಅಂಗಡಿ ಸರ್ ಅವಳನ್ನು ಕರೆದರು. “ಈ ಹುಡುಗನ್ನ ನೋಡವಾ. ಆಡಬಹುದೋ ಬ್ಯಾಡೋ, ನೀನ ಬರದು ಕೊಡು. ಇದ ನಿನಗ ಪರೀಕ್ಷೆ” ಎಂದು ಮೂಲೆಯಲ್ಲಿ ಕೈಕಟ್ಟಿ ಕೂತರು.

ಎದುರಿಗೆ ಕೂತವನು ಫಕೀರಪ್ಪ, ಕಬಡ್ಡಿ ಆಟಗಾರ. ರೇಡಿಗೆ ಹೋದರೆ ಒಬ್ಬರನ್ನಾದರೂ ಮುಟ್ಟದೆ ಮರಳುವವನಲ್ಲ. ಹಿಂದಿನ ದಿನ ಎದುರಾಳಿಯ ಮೊಣಕಾಲು ತಲೆಗೆ ಬಡಿದು ಅವನಿಗೆ ಒಂದು ಗಳಿಗೆ ಕಣ್ಣು ಕತ್ತಲೆ ಬಂದಿತ್ತು. ನಾಳೆಯೇ ಜಿಲ್ಲಾ ಫೈನಲ್. ‘ಆಡಬಹುದು’ ಎಂಬ ಡಾಕ್ಟರ ಚೀಟಿ ಇಲ್ಲದೆ ಅಂಕಣಕ್ಕೆ ಬಿಡುವ ಹಾಗಿರಲಿಲ್ಲ. ತಲೆಯ ಸ್ಕ್ಯಾನ್ ಆಗಿತ್ತು, ಅದರಲ್ಲಿ ಏನೂ ಕಂಡಿರಲಿಲ್ಲ. ಪಕ್ಕದಲ್ಲಿ ಅವನ ತಾಯಿ ಗಿರಿಯವ್ವ ಸೆರಗು ಹೊದ್ದು ಸುಮ್ಮನೆ ಕೂತಿದ್ದಳು.

“ತಲಿ ನೋಯ್ತದೇನು?” ಸಂಜೋತಾ ಕೇಳಿದಳು.

“ಏನಿಲ್ರೀ.”

“ತಲಿ ತಿರುಗೂದು, ವಾಂತಿ?”

“ಏನಿಲ್ರೀ ಮೇಡಂ.”

“ಹಂಗಾರ ತಿಂಗಳ ಹೆಸರು ಡಿಸೆಂಬರದಿಂದ ಹಿಂದಕ್ಕ ಹೇಳ್ರಿ ನೋಡೋಣು.”

ಫಕೀರಪ್ಪ ಕಣ್ಣು ಕಿರಿದು ಮಾಡಿ, ಅವಳ ತಲೆಯ ಮೇಲಕ್ಕೆ ದೃಷ್ಟಿ ನೆಟ್ಟು, ಡಿಸೆಂಬರಿನಿಂದ ಜನವರಿಯವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ದೇವರನ್ನು ನೆನೆಯುತ್ತಿದ್ದಾನೆ ಎಂದುಕೊಂಡಳು ಸಂಜೋತಾ. ‘ಏನೂ ಇಲ್ಲ, ಆಡಬಹುದು’ ಎಂದು ಬರೆದು, ಸರ್ ಸಹಿಗಾಗಿ ಚೀಟಿ ಹಿಡಿದಳು.

ಸರ್ ಚೀಟಿಯ ಕಡೆ ನೋಡಲೇ ಇಲ್ಲ. ಎದ್ದು ಅವಳ ಕುರ್ಚಿಯ ಹಿಂದೆ ಹೋದರು. ಹನ್ನೆರಡು ತಿಂಗಳನ್ನೂ ಒಂದೇ ಹಾಳೆಯಲ್ಲಿ ಅಚ್ಚು ಮಾಡಿದ ದೊಡ್ಡ ಕ್ಯಾಲೆಂಡರ್ ಅಲ್ಲಿ ಗೋಡೆಗೆ ತೂಗುತ್ತಿತ್ತು. ಅದನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿ, “ತಮ್ಮಾ, ಈಗ ಹೇಳು” ಎಂದರು.

“ಡಿಸೆಂಬರ್, ನವೆಂಬರ್, ಅಕ್ಟೋಬರ್...” ಫಕೀರಪ್ಪ ಅಲ್ಲೇ ನಿಂತ. ನಡುಗೆರೆ ಮುಟ್ಟುವ ಮೊದಲೇ ದಮ್ಮು ಕಳೆದುಕೊಂಡ ರೇಡರನ ಹಾಗೆ ಒದ್ದಾಡಿದ. ಕಡೆಗೆ, “ಆಮ್ಯಾಲ ಶ್ರಾವಣ ಬರತೈತಲ್ರೀ?” ಎಂದ.

ಸಂಜೋತಾಳ ಮುಖ ಕೆಂಪಾಯಿತು. ಸರ್ ನಕ್ಕರು. “ಹನ್ನೊಂದು ವರ್ಷದಿಂದ ಕ್ಯಾಲೆಂಡರ್ ಅದ ಮೊಳಿಗೆ ತೂಗು ಹಾಕ್ತೇನಿ. ವರ್ಷಾ ನಿನ್ನಂಥಾ ವಿದ್ಯಾರ್ಥಿ ಒಬ್ಬರರ ಸಿಕ್ಕೊಂಡ ಬೀಳ್ತಾರ. ಅದು ಹೋಗಲಿ, ಈ ಅವ್ವನ್ನ ಏನರ ಕೇಳಿದೇನು?”

ಕೇಳಿರಲಿಲ್ಲ. ಈಗ ತಿರುಗಿದಳು. ಗಿರಿಯವ್ವ ಇದಕ್ಕೇ ಕಾದಿದ್ದಳು.

“ನಿನ್ನೆ ಉಂಡು ಕೈ ತೊಳಕೊಂಡನ್ರೀ. ಕೈ ಒರಸ್ಕೋತ ಬಂದು, ಅವ್ವಾ ಊಟಕ್ಕ ನೀಡು ಅಂದ. ಆಡಿ ಬಂದಾನ, ಹಸಿವಿ ಇರಬೇಕು ಅಂತ ಮತ್ತ ನೀಡಿದೆ ನೋಡ್ರಿ.”

ಎಲ್ಲರೂ ನಕ್ಕರು. ಫಕೀರಪ್ಪನೂ ನಕ್ಕ, ನಗುತ್ತಲೇ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಅದನ್ನು ಕಂಡು ಸಂಜೋತಾಳ ನಗು ನಿಂತಿತು.

ಸರ್ ಮೆಲ್ಲಗೆ ಹೇಳಿದರು. “ಕಾಲು ಉಳುಕಿದ್ರ ಬಾವು ಕಾಣತೈತಿ. ಮಿದುಳು ಉಳುಕಿದ್ರ ಸ್ಕ್ಯಾನಿಗೂ ಕಾಣಂಗಿಲ್ಲ. ಅದು ಮಾಯೂದ್ರೊಳಗ ಇನ್ನೊಂದು ಪೆಟ್ಟು ಬಿದ್ರ ಜೀವಕ್ಕ ಸಂಚಕಾರ. ನೀ ಓದಿದ್ದು ಸುಳ್ಳಲ್ಲ. ಆದ್ರ ಪುಸ್ತಕದ ಬದನೆಕಾಯಿ ಪಲ್ಯಕ್ಕ ಬರೂದಿಲ್ಲವಾ.”

ಸಂಜೋತಾ ಚೀಟಿ ಹರಿದು ಹಾಕಿದಳು.

“ನಾ ಇಲ್ಲಂದ್ರ ಸೋಲ್ತೀವ್ರೀ ಮೇಡಂ” ಎಂದು ಫಕೀರಪ್ಪ ಅಂಗಲಾಚಿದ.

“ಫೈನಲ್ ಮುಂದಿನ ವರ್ಷನೂ ಬರತದ. ತಲಿ ಇರೂದು ಒಂದ” ಎಂದಳು ಅವಳು. ಆ ದಿನ ಪುಸ್ತಕದಲ್ಲಿಲ್ಲದ ಮಾತನ್ನು ಅವಳು ಆಡಿದ್ದು ಅದೇ ಮೊದಲು.

ತಂಡ ಎರಡು ಅಂಕದಿಂದ ಸೋತಿತು. ಫಕೀರಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದ. ಆದರೂ ಸಂಜೋತಾ ಹೇಳಿದಂತೆ ಮೊದಲು ವಿಶ್ರಾಂತಿ, ಆಮೇಲೆ ನಡಿಗೆ, ಆಮೇಲೆ ಓಟ ಎಂದು ಒಂದೊಂದೇ ಮೆಟ್ಟಿಲು ಹತ್ತಿದ.

ತಿಂಗಳಾದ ಮೇಲೆ ತಾಯಿ ಮಗ ಮತ್ತೆ ಬಂದರು. ಫಕೀರಪ್ಪ ಒಳಗೆ ಕಾಲಿಟ್ಟವನೇ ಕ್ಯಾಲೆಂಡರನ್ನು ತಾನೇ ಗೋಡೆಯ ಕಡೆ ತಿರುಗಿಸಿ, ಎದೆ ಸೆಟೆಸಿ ನಿಂತು, ಡಿಸೆಂಬರಿನಿಂದ ಜನವರಿಗೆ ತಡವರಿಸದೆ ಬಂದ. ಮೊದಲಿನ ಸಂಜೋತಾ ಆಗಿದ್ದರೆ ಆಗಲೇ ಪೆನ್ನು ಹಿಡಿಯುತ್ತಿದ್ದಳು. ಈಗ ಗಿರಿಯವ್ವನ ಕಡೆ ತಿರುಗಿ, “ಅವ್ವಾರ, ನೀವು ಹೇಳ್ರಿ” ಎಂದಳು.

“ಈಗ ಒಂದ ಸಲ ಉಣತಾನ್ರೀ” ಎಂದಳು ಗಿರಿಯವ್ವ. “ಎರಡು ಸಲದ್ದು ಒಂದ ಸಲಕ್ಕ ಉಣತಾನ.”

ಅಂಗಡಿ ಸರ್ ನಗು ತಡೆಯಲಾರದೆ, ಸಂಜೋತಾ ಬರೆದುಕೊಟ್ಟ ‘ಆಡಬಹುದು’ ಚೀಟಿಗೆ ಸೊಟ್ಟ ಸಹಿ ಹಾಕಿದರು.

ನೀತಿ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು. ನೋವುಂಡವನು ‘ಏನಿಲ್ಲ’ ಎಂದರೂ, ಯಂತ್ರ ‘ಏನಿಲ್ಲ’ ಎಂದರೂ, ಅವನಿಗೆ ಉಣ್ಣಲು ನೀಡಿದವರನ್ನು ಒಂದು ಮಾತು ಕೇಳದೆ ತೀರ್ಪು ಕೊಡಬಾರದು.