ಕೋಟೆಗೆ ಅಗುಳಿ ಹಾಕಿದ ಬೊಮ್ಮಲಿಂಗ

ಕೇಳ್ರಪ್ಪಾ, ನಗು ಬಂದ್ರೆ ನಕ್ಕುಬಿಡಿ, ತಡ್ಕೋಬೇಡಿ. ಗವಿದುರ್ಗದ ಪಾಳೆಗಾರನಿಗೆ ಯುದ್ಧ ಹತ್ತಿರ ಬಂದಿತ್ತು. ಕೋಟೆ ಕಾಯೋ ಪಡೆ ಅಂದ್ರೆ ಏನು ಪಡೆ ಅಂತೀರಿ! ಗಟ್ಟಿಮುಟ್ಟಾದೋರೆಲ್ಲ ದಳವಾಯಿಯ ಹೊಲ ಉಳ್ತಿದ್ರು. ಉಳಿದೋರು ಕೆಮ್ಮೋರು, ಕುಂಟೋರು. ಸಾಲದ್ದಕ್ಕೆ ಸಣ್ಣೀರವ್ವನ ಮಗ ಬೊಮ್ಮಲಿಂಗನ್ನೂ ಎಳ್ಕೊಂಡು ಹೋದ್ರು.

"ಅಯ್ಯೋ ಬುದ್ಧಿ, ಇವನು ಶುದ್ಧ ಪೆದ್ದ! ಇರೋನೊಬ್ಬ ಮಗ, ಬಿಟ್ಬಿಡಿ!" ಅಂತ ಅವ್ವ ಕಾಲಿಗೆ ಬಿದ್ಲು.

"ಪೆದ್ದನಾದ್ರೇನು, ತಲೆ ಎಣಿಸೋಕೆ ಆಗ್ತಾನೆ!" ಅಂದ ದಳವಾಯಿ. "ಲೇ, ಬಾಗಿಲ ಮೇಲಿಂದ ಕಣ್ಣು ಕೀಳಬೇಡ!"

ಕೀಳಲಿಲ್ಲ. ಬಾಗಿಲನ್ನೇ ನೋಡ್ತಾ ನಿಂತ. ಹಿಂದ್ಗಡೆ ಗೋಡೆ ಹತ್ತಿ ಬಂದ ಕಳ್ಳರು ಉಗ್ರಾಣದ ರಾಗಿಯನ್ನೆಲ್ಲ ಹೊತ್ಕೊಂಡು ಹೋದ್ರು.

"ಲೇ ದಡ್ಡ! ಯಾರು ಯಾವ ಕಡೆಯಿಂದ ಬಂದ್ರೂ ಹಿಡಿದು ಕಂಬಕ್ಕೆ ಕಟ್ಟು!" ಅಂತ ಬೈದ ದಳವಾಯಿ.

"ಆಗ್ಲಿ ಬುದ್ಧಿ!"

ಮಾರನೇ ದಿನ ಪಾಳೆಗಾರನ ಮಾವ, ಅಳಿಯನಿಗೆ ನೆರವಾಗೋಣ ಅಂತ ಜನ ಕಟ್ಕೊಂಡು ಬಂದ. ಬೊಮ್ಮಲಿಂಗ ಹಿಡಿದ, ಕಂಬಕ್ಕೆ ಕಟ್ಟಿದ. ಬಿಚ್ಚಿಸಿಕೊಂಡ ಮಾವ ತನ್ನ ಜನಾನೂ ಕರ್ಕೊಂಡು ವಾಪಸ್ ಹೊರಟುಹೋದ.

ಪಾಳೆಗಾರ ಉರಿದುಬಿದ್ದ. "ದೊಡ್ಡೋರು ಬಂದ್ರೆ ಕೈ ಮುಗೀಬೇಕು ಕಣ್ಲಾ! ಕೇಳಿದ್ದಕ್ಕೆ ಇದ್ದದ್ದು ಇದ್ದಂಗೆ ಹೇಳ್ಬೇಕು! ಇನ್ನೊಂದು ತಪ್ಪಾದ್ರೆ ತಲೆ ತೆಗಿಸ್ತೀನಿ!"

"ಹೇಳಿದಷ್ಟೇ ಮಾಡೋ ನನ್ನಪ್ಪಾ!" ಅಂತ ಸುದ್ದಿ ಕೇಳಿ ಓಡಿಬಂದ ಅವ್ವ ಗೋಳಾಡಿದ್ಲು.

ಆಮೇಲೆ ಬಂದೋನು ವೈರಿಯ ರಾಯಭಾರಿ, ಕೋಟೆಯ ಬಲ ನೋಡೋಕೆ. ಪಾಳೆಗಾರ ಅವನನ್ನ ದೊಡ್ಡ ಬಾಗಿಲ ಒಳಗಿನ ಜಗಲಿ ಮೇಲೆ ತನ್ನ ಪಕ್ಕದಲ್ಲೇ ಕೂರಿಸ್ಕೊಂಡ. ದಳವಾಯಿ ಬಲು ಜಾಣ! ಇರೋ ಜನಾನೇ ದೊಡ್ಡ ಬಾಗಿಲಲ್ಲಿ ಒಳಗೆ ನಡೆಸೋದು, ಹಿಂದಿನ ದಿಡ್ಡಿಬಾಗಿಲಲ್ಲಿ ಹೊರಗೆ ಹೊರಡಿಸೋದು, ರುಮಾಲು ಬದಲಾಯಿಸಿ ಮತ್ತೆ ಕರ್ಕೊಂಡು ಬರೋದು.

"ಅಬ್ಬಾ, ಎಷ್ಟು ಜನ! ಇನ್ನೂ ಇದ್ದಾರೇನಪ್ಪಾ?" ಅಂದ ರಾಯಭಾರಿ.

ಬಾಗಿಲಲ್ಲಿದ್ದ ಬೊಮ್ಮಲಿಂಗ ಕೈಮುಗಿದ. "ಅವರೇ ಬುದ್ಧಿ! ಹೊರಗೆ ರುಮಾಲು ಸುತ್ಕೊಳ್ತಾವ್ರೆ. ತಡೀರಿ, ಮತ್ತೆ ಬತ್ತಾರೆ!"

ರಾಯಭಾರಿ ನಕ್ಕು ಕುದುರೆ ಹತ್ತಿದ. ಹೊರಗಿದ್ದ ದಳವಾಯಿ ಕೇಳಿಸ್ಕೊಂಡು ಕಿರುಚಿದ: "ಅವನನ್ನ ಬಿಡಬೇಡ! ಎರಡೂ ಬಾಗಿಲು ಹಾಕು! ನಮ್ಮಪ್ಪ ಬಂದ್ರೂ ತೆಗೀಬೇಡ!"

ಹಾಕಿದ! ದೊಡ್ಡ ಬಾಗಿಲಿಗೆ ಅಗುಳಿ, ದಿಡ್ಡಿಬಾಗಿಲಿಗೆ ಅಡ್ಡಲಾಗಿ ತನ್ನ ಈಟಿ. ಪಡೆಯೆಲ್ಲ ಹೊರಗೆ. ಒಳಗೆ ಪಾಳೆಗಾರ, ರಾಯಭಾರಿ, ನಮ್ಮ ಬೊಮ್ಮಲಿಂಗ.

"ಈಗ ಒಳಗೆ ಆಯುಧ ಇರೋರು ಯಾರ್ಯಾರಪ್ಪಾ?" ಅಂದ ರಾಯಭಾರಿ.

"ನೀವೊಬ್ರೇ ಬುದ್ಧಿ!"

ರಾಯಭಾರಿ ಕತ್ತಿ ಹಿರಿದ. ಪಾಳೆಗಾರ ಕೋಟೆ ಒಪ್ಪಿಸಿದ. ತಲೆ ತೆಗಿಸೋ ಧಣಿಯೇ ಸೆರೆಯಾದ ಮೇಲೆ ಬೊಮ್ಮಲಿಂಗನ ತಲೆ ಉಳೀತು ಬಿಡಿ.

ಹೊರಗೆ ದಳವಾಯಿ ಬಾಗಿಲು ಗುದ್ದಿದ. "ತೆಗಿಯೋ ಬಡ್ಡೀಮಗನೇ! ನಾನು ಕಣೋ, ದಳವಾಯಿ!"

"ನಿಮ್ಮಪ್ಪನಿಗೇ ತೆಗಿಯೋ ಹಂಗಿಲ್ಲ ಬುದ್ಧಿ, ನೀವು ಬರೀ ಮಗ!"