ಹೂಂಗುಟ್ಟುವ ಶಾಲೆ

"ಗುರುಗಳೇ, ಸಂತೆಯಲ್ಲಿ ನಿಂತು ದ್ವೇಷ ಕಾರುವವರ ಹಿಂದೆ ನಮ್ಮ ಹುಡುಗರು ಓಡುತ್ತಿದ್ದಾರೆ. ಅವರನ್ನು ಉಳಿಸಿಕೊಳ್ಳಲು ಪಾಠ ಹೇಳುವವನು ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ. ಅವನು ಕೆಲವೇ ದಿನಗಳಲ್ಲಿ ಒಂದು ಶಾಲೆಗೆ ಮೇಷ್ಟರಾಗಿ ಹೊರಡುವವನಿದ್ದ.

ಗುರುಗಳು ಒಂದು ಕತೆ ಹೇಳಿದರು.

ಹೊಳೆಯ ಈಚೆ ದಡದ ಊರಿನಲ್ಲಿ ಒಬ್ಬ ಮೇಷ್ಟರಿದ್ದರು. ಕತೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು ಎನ್ನುವುದು ನಮ್ಮಲ್ಲಿ ಪದ್ಧತಿ. ಇಲ್ಲದಿದ್ದರೆ, ಕೇಳುವವನು ನಿದ್ದೆ ಹೋದನೋ ಏನೋ ಎಂದು ಹೇಳುವವನಿಗೆ ಅನುಮಾನ. ಈ ಮೇಷ್ಟರು ಆ ಪದ್ಧತಿಯನ್ನು ಪಾಠಕ್ಕೂ ತಂದರು. ಅವರು ಒಂದು ವಾಕ್ಯ ಹೇಳಿದರೆ ಇಡೀ ತರಗತಿ "ಹೂಂ" ಎನ್ನಬೇಕು. ಉದ್ದೇಶ ಒಳ್ಳೆಯದೇ. ಆದರೆ ಬರಬರುತ್ತ ಆ ಸದ್ದು ಅವರ ಕಿವಿಗೆ ಬಹಳ ಹಿತವಾಗತೊಡಗಿತು. ನಡುವೆ ಬಾಯಿ ಹಾಕಿ "ಯಾಕೆ?" ಎಂದವನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಕ್ರಮೇಣ ಬೆಂಚು ಹತ್ತುವವರೇ ಇಲ್ಲವಾದರು. ನಮ್ಮ ಹುಡುಗ ನಿದ್ದೆಯಲ್ಲೂ ಹೂಂಗುಟ್ಟುತ್ತಾನೆ ಎಂದು ತಾಯಂದಿರು ಹೊಗಳಿಕೊಂಡರು. ಮೇಷ್ಟರು ಉಬ್ಬಿಹೋದರು.

ಒಂದು ದಿನ ಆ ಊರಿಗೆ ಒಬ್ಬ ಭಾಷಣಕಾರ ಬಂದ. ಮೀಸೆ ಚಿಗುರುತ್ತಿದ್ದ ಹುಡುಗರನ್ನೆಲ್ಲ ಹೊಳೆದಂಡೆಯಲ್ಲಿ ಸೇರಿಸಿ, "ನಿಮ್ಮ ಕಷ್ಟಕ್ಕೆಲ್ಲ ಆಚೆ ದಡದವರೇ ಕಾರಣ" ಎಂದ.

"ಹೂಂ" ಎಂದರು ಹುಡುಗರು.

ಭಾಷಣಕಾರನಿಗೇ ಆಶ್ಚರ್ಯವಾಯಿತು. ಬೇರೆ ಊರುಗಳಲ್ಲಿ ಇಷ್ಟು ಒಪ್ಪಿಸಲು ಅವನಿಗೆ ಇಡೀ ಮಳೆಗಾಲ ಹಿಡಿಯುತ್ತಿತ್ತು. ಇಲ್ಲಿ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಹುಡುಗರ ಕೈಗೆ ಪಂಜು ಬಂದಿತ್ತು. ಹಾಡುಹಗಲಲ್ಲಿ ಪಂಜು ಯಾತಕ್ಕೆ ಎಂದೂ ಯಾರೂ ಕೇಳಲಿಲ್ಲ. ದಂಡೆಯಲ್ಲಿ ಆಚೆ ದಡದ ಅಂಬಿಗನ ದೋಣಿ ಕಟ್ಟಿತ್ತು. ಭಾಷಣಕಾರ ಅದನ್ನು ತೋರಿಸಿ, "ಸುಡಿ" ಎಂದ.

ಸುದ್ದಿ ಮೇಷ್ಟರ ಕಿವಿಗೆ ಬಿತ್ತು. ಮುದುಕ ಅಂಬಿಗ ಉಂಡು ಅದೇ ದೋಣಿಯಲ್ಲಿ ಚಾಪೆ ಹೊದ್ದು ಮಲಗುವ ಹೊತ್ತು ಅದು. ಪಂಚೆ ಎತ್ತಿಕಟ್ಟಿ ಓಡಿದರು.

"ಸುಡಬೇಡಿ!" ಎಂದು ಕೂಗಿದರು.

"ಹೂಂ" ಎಂದು ಹುಡುಗರು ಪಂಜು ಇಳಿಸಿದರು.

"ಸುಡಿ!" ಎಂದ ಭಾಷಣಕಾರ.

"ಹೂಂ" ಎಂದು ಎತ್ತಿದರು.

ಇಬ್ಬರ ಗಂಟಲೂ ಕಟ್ಟುವವರೆಗೆ ಇದೇ ನಡೆಯಿತು. ಮೇಷ್ಟರು ಬೆವೆತುಹೋದರು. ಪರೀಕ್ಷೆ ಮಾಡೋಣವೆಂದು, "ನಾನೊಂದು ಎಮ್ಮೆ" ಎಂದು ನೋಡಿದರು. ಹುಡುಗರು ಬಲು ಭಕ್ತಿಯಿಂದ "ಹೂಂ" ಎಂದರು. ಮೇಷ್ಟರು ಮರಳಿನ ಮೇಲೆ ಕುಸಿದು ಕೂತರು. ಇಷ್ಟು ವರ್ಷ ತಾವು ಹದ ಮಾಡಿದ ಹೊಲದಲ್ಲಿ ಇವನು ಬಂದು ಬಿತ್ತುತ್ತಿದ್ದಾನೆ ಎಂದು ಅವರಿಗೆ ಅಳುವೇ ಬಂತು.

ಗದ್ದಲಕ್ಕೆ ಅಂಬಿಗ ಎದ್ದು ಚಾಪೆ ಸರಿಸಿದ. "ಏನ್ ಮೇಷ್ಟ್ರೇ, ಇವತ್ತು ಪಾಠ ಇಲ್ಲೇ ಇಟ್ಕೊಂಡ್ರಾ?"

ಮೇಷ್ಟರು ಕಣ್ಣೊರೆಸಿಕೊಂಡು ಎದ್ದರು. "ಹೌದಪ್ಪ, ಇಲ್ಲೇ" ಎಂದು ಹುಡುಗರ ಕಡೆ ತಿರುಗಿದರು. "ಇವತ್ತು ಹೂಂ ಅನ್ನೋ ಹಾಗಿಲ್ಲ ಕಣ್ರೋ. ಈ ಭಾಷಣದವರು ಏನೇ ಹೇಳಲಿ, ಯಾಕೆ ಅನ್ನಿ."

"ಹೂಂ" ಎಂದರು ಹುಡುಗರು.

"ಈ ಮುದುಕ ನಿಮ್ಮ ಶತ್ರು!" ಎಂದ ಭಾಷಣಕಾರ.

"ಯಾಕೆ?" ಎಂದು ಹುಡುಗರು ಒಕ್ಕೊರಲಿನಿಂದ ಕೂಗಿದರು.

"ನಿಮ್ಮ ಹೊಳೆಯ ಮೀನೆಲ್ಲ ಕದ್ದವನು ಇವನು!"

"ಯಾಕೆ?"

ಮೊದಮೊದಲು ಮೇಷ್ಟರು ಹೇಳಿದರೆಂದು ಕೂಗಿದರು, ಅಷ್ಟೆ. ಆಮೇಲೆ ಪಂಜು ಹಿಡಿದು ಮುಂದೆ ನಿಂತವನ ಹುಬ್ಬು ಗಂಟಾಯಿತು. "ಅಲ್ಲಾ, ನಮ್ಮಜ್ಜಿಗೆ ಮಾರೋಕೆ ಮೀನು ತಂದ್ಕೊಡೋದೇ ಈ ತಾತ. ಕದಿಯೋನು ತಂದು ಯಾಕೆ ಕೊಡ್ತಾನೆ?" ಎಂದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಎದುರು ಪ್ರಶ್ನೆ ಕೇಳಬಾರದು!" ಎಂದು ಭಾಷಣಕಾರ ಗದರಿದ.

"ಯಾಕೆ?" ಎಂದು ಹುಡುಗರು ಈಗ ಒಬ್ಬೊಬ್ಬರಾಗಿ ಹತ್ತಿರ ಬಂದು ಕೇಳಿದರು. ಅವನು ಹಿಂದೆ ಹಿಂದೆ ಸರಿದು ಮೊಣಕಾಲುದ್ದ ನೀರಿಗೆ ಇಳಿದ. ಈಜು ಬಾರದು. ಕೊನೆಗೆ ಅದೇ ದೋಣಿ ಹತ್ತಿ, ಅದೇ ಅಂಬಿಗನಿಗೆ ಕೈಮುಗಿದು, ಆಚೆ ದಡಕ್ಕೆ ಪರಾರಿಯಾದ.

ಮೇಷ್ಟರ ಸುಖವೂ ಅವತ್ತಿಗೇ ಮುಗಿಯಿತು. ಮರುದಿನದಿಂದ ಅವರಿಗೆ ಒಂದು ವಾಕ್ಯವನ್ನೂ ನೆಟ್ಟಗೆ ಮುಗಿಸಲಾಗಲಿಲ್ಲ. ಅರ್ಧಕ್ಕರ್ಧ ಪ್ರಶ್ನೆಗೆ ಅವರಿಗೇ ಉತ್ತರ ತಿಳಿದಿರಲಿಲ್ಲ. ಗೊಣಗುತ್ತಲೇ, "ಗೊತ್ತಿಲ್ಲ, ನೋಡೋಣ ಬನ್ನಿ" ಎನ್ನುವುದನ್ನು ಆ ವಯಸ್ಸಿನಲ್ಲಿ ಕಲಿತರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮನಸಾರೆ ನಕ್ಕು ಕೈಮುಗಿದ. "ತಾವು ಹೇಳಿದ ಮೇಲೆ ಮುಗಿಯಿತು, ಗುರುಗಳೇ. ಇನ್ನು ಯೋಚಿಸುವುದೇನೂ ಉಳಿದಿಲ್ಲ. ನನ್ನ ಶಾಲೆಯಲ್ಲೂ ಹಾಗೆಯೇ ಮಾಡುತ್ತೇನೆ."

"ಯಾಕೆ?" ಎಂದರು ಗುರುಗಳು.