ಹೊನ್ನೂರಪ್ಪನ ಹಗುರ ಕಾರು

ಹಿರೇಕೆರೆಯ ಏರಿಗೆ ಇನ್ನೂ ಕಲ್ಲು ಕಟ್ಟಿರದ ಕಾಲ ಅದು. ಎಷ್ಟು ವರ್ಷದ ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಆಗ ಜೋಳದಹಾಳು ಎಂಬ ಊರಿನಲ್ಲಿ ಹೊನ್ನೂರಪ್ಪ ಅಂತ ಒಬ್ಬ ಪಿಂಜಾರನಿದ್ದನಂತೆ. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಅವನ ಕಸುಬು. ಅವನು ಬಿಲ್ಲು ಹಿಡಿದು ಕೂತರೆ, ಅದರ ನರ ಟಂಯ್ ಟಂಯ್ ಅಂದ ಹಾಗೆಲ್ಲ ಹತ್ತಿಯೊಳಗಿನ ಕಸ, ಬೀಜದ ಚೂರು, ಧೂಳು ಎಲ್ಲ ಕೆಳಗುದುರಿ ಅರಳೆ ಮಾತ್ರ ಮೇಲೇಳುತ್ತಿತ್ತಂತೆ. ಅವನು ಹಿಂಜಿದ ಗಾದಿಯ ಮೇಲೆ ಮಲಗಿದವರು ಬೆಳಗ್ಗೆ ಎದ್ದು, ರಾತ್ರಿ ನಾವು ಯಾವುದರ ಮೇಲಾದರೂ ಮಲಗಿದ್ದೆವಾ ಅಂತ ಅನುಮಾನಪಡುತ್ತಿದ್ದರಂತೆ. ಇದು ಸ್ವಲ್ಪ ಜಾಸ್ತಿಯಾಯಿತು, ಇರಲಿ.

ಕಸುಬು ಹಗುರದ್ದು, ಆಳು ಮಾತ್ರ ಹಗುರವಲ್ಲ. ಹೊನ್ನೂರಪ್ಪ ದಪ್ಪ ಅಂದರೆ ಅಂಥಿಂಥ ದಪ್ಪವಲ್ಲ. ಅವನು ಕಟ್ಟೆಯ ಮೇಲೆ ಕೂರಲು ಬಂದರೆ ಮೊದಲೇ ಕೂತಿದ್ದವರು ಎದ್ದು ಜಾಗ ಬಿಡಬೇಕಿತ್ತಂತೆ. ಅವನು ಊಟಕ್ಕೆ ಕೂತರೆ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಲೇ ಇರಲಿಲ್ಲವಂತೆ. ಹೆಂಡತಿ ಮಾಬವ್ವ ಇದಕ್ಕೆ ತದ್ವಿರುದ್ಧ, ಜೋರು ಗಾಳಿ ಬಂದರೆ ಕಂಬ ಹಿಡಿದು ನಿಲ್ಲಬೇಕಾದಂಥ ಸಣ್ಣ ಹೆಂಗಸು. ಇಬ್ಬರೂ ಜೊತೆಯಲ್ಲಿ ಸಂತೆಗೆ ಹೊರಟರೆ ಊರು ನಗುತ್ತಿತ್ತು. ಅವರೂ ನಗುತ್ತಿದ್ದರು.

ಆ ಸೀಮೆಯಲ್ಲಿ ಪಾಳೆಯಗಾರರ ಮನೆತನದ ಒಂದು ವಾಡೆ ಇತ್ತಂತೆ. ಆ ವಾಡೆಯ ದೊರೆ ಒಂದು ದಿನ ಹೊನ್ನೂರಪ್ಪನನ್ನು ಕರೆಸಿ, ಕೊಟ್ಟಿಗೆಯ ಮೂಲೆಯಲ್ಲಿ ಒಂದು ಕಾರು ಬಿದ್ದಿದೆ, ಅದರ ಸೀಟಿನಲ್ಲಿ ಇಲಿಗಳು ಸಂಸಾರ ಹೂಡಿವೆ, ಹೊಸದಾಗಿ ಹತ್ತಿ ತುಂಬಿಕೊಡು ಅಂದರು. ಹೊನ್ನೂರಪ್ಪ ಹೋಗಿ ನೋಡಿದ. ಉದ್ದ ಮೂತಿ, ಮೋಟು ಬಾಲ. ಮೇಲೆ ಚಾವಣಿಯಿಲ್ಲ. ಇಬ್ಬರು ಒತ್ತಿಕೊಂಡು ಕೂರುವಷ್ಟೇ ಜಾಗ. ಮರದ ಚೌಕಟ್ಟಿಗೆ ತೆಳ್ಳನೆ ಅಲ್ಯುಮಿನಿಯಂ ತಗಡು ಹೊದಿಸಿದ ಓಟದ ಕಾರು. ಯಾವುದೋ ದೂರ ದೇಶದಲ್ಲಿ ಯಾರೋ ನಾಲ್ಕೈದು ಜನ ಹುಚ್ಚು ಹಿಡಿದವರು ಒಂದು ಶೆಡ್ಡಿನಲ್ಲಿ ಕೂತು ಅಂಥವನ್ನು ಬೆರಳೆಣಿಕೆಯಷ್ಟು ಮಾಡಿ, ಆಮೇಲೆ ಶೆಡ್ಡಿಗೆ ಬೀಗ ಹಾಕಿಕೊಂಡು ಹೋದರಂತೆ. ಅವರ ಹೆಸರು ಅವರ ಊರಿನವರಿಗೇ ಮರೆತುಹೋಗಿತ್ತಂತೆ.

ಹೊನ್ನೂರಪ್ಪನ ಗಾದಿ ಹೊಲಿಯುವ ದಬ್ಬಳ ಕಾರಿನಡಿ ಉರುಳಿತು. ಅದನ್ನು ತೆಗೆಯಲು ಅವನು ಕಾರಿನ ಹಿಂಬದಿಗೆ ಒಂದು ಕೈ ಹಾಕಿ ಎತ್ತಿದನಂತೆ. ಎತ್ತಿದರೆ ಬಂತು. ದಬ್ಬಳ ಸಿಕ್ಕ ಮೇಲೂ ಅವನು ಇಳಿಸಲಿಲ್ಲ, ಹಾಗೇ ಹಿಡಿದುಕೊಂಡು ನಿಂತ. ದೊರೆ ಬಂದು ಏನಾಯಿತಯ್ಯ ಅಂತ ಕೇಳಿದಾಗ ಅವನ ಕಣ್ಣು ತುಂಬಿತ್ತಂತೆ.

"ಇದನ್ನ ಮಾಡ್ದೋನು ನಮ್ಮ ಕಸುಬಿನೋನೇ ಇರ್ಬೇಕು ಸ್ವಾಮಿ," ಅಂದ. "ಕಬ್ಬಿಣಾನ ಹಿಂಜಿ ಇಟ್ಟವ್ನೆ."

ದೊರೆಗೆ ಆ ಕಾರು ಬೇಸರ ಬಂದಿತ್ತು. ಪಕ್ಕದಲ್ಲಿ ಎಮ್ಮೆ ಹಾದರೆ ಕಾರೇ ಹೆದರಿದ ಹಾಗೆ ಅಲುಗುತ್ತದೆ, ದೊರೆತನಕ್ಕೆ ಒಪ್ಪುವುದಿಲ್ಲ ಅಂತ ಅವರ ದೂರು. ವಾಡೆಯ ಗಾದಿಗಳನ್ನೆಲ್ಲ ಜೀವ ಇರುವ ತನಕ ಹಿಂಜಿಕೊಡುತ್ತೇನೆ ಅಂತ ಹೊನ್ನೂರಪ್ಪ ಮಾತು ಕೊಟ್ಟ, ದೊರೆ ಕಾರು ಕೊಟ್ಟರು. ಮನೆಗೆ ತಂದ ದಿನ ಮಾಬವ್ವ ಸುತ್ತ ಒಂದು ಸಲ ಬಂದು, ಇದಕ್ಕೆ ಮೇವು ಏನು ಹಾಕಬೇಕು ಅಂತ ಮಾತ್ರ ಕೇಳಿದಳಂತೆ.

ಅಲ್ಲಿಂದ ಅವನಿಗೆ ಹಿಡಿದ ಹುಚ್ಚು ಬಿಡಲಿಲ್ಲ. ಯಾವುದೋ ಊರಿನಲ್ಲಿ ಇಂಥದ್ದೇ ಒಂದು ಗಿಡ್ಡ ಕಾರಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿವೆ ಅಂತ ಸುದ್ದಿ ಬಂದರೆ ಬಿಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದನಂತೆ. ಹೋಗಿ ಕೋಳಿಗಳನ್ನು ಪಕ್ಕಕ್ಕೆ ಸರಿಸಿ, ತಗಡನ್ನು ಬೆರಳಿನಿಂದ ತಟ್ಟಿ, ಒಂದು ಕೈಯಲ್ಲಿ ಎತ್ತಿ ನೋಡಿ, ತೃಪ್ತಿಯಾಗಿ ಬರುತ್ತಿದ್ದನಂತೆ. ಸಾಹುಕಾರರ ಮನೆಯ ದೊಡ್ಡ ಕಾರಿನ ಕಡೆ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ. ಅದು ಬೀಜ ಬಿಡಿಸದ ಹತ್ತಿ ಅನ್ನುತ್ತಿದ್ದ.

ತನ್ನ ಕಾರನ್ನು ಅವನು ಹಿಂಜಲು ಶುರು ಮಾಡಿದ. ಹತ್ತಿಯಿಂದ ಕಸ ತೆಗೆದ ಹಾಗೆ ಕಾರಿನಿಂದ ಭಾರ ತೆಗೆಯುತ್ತಾ ಹೋದನಂತೆ. ಮೊದಲು ಬಾಗಿಲು ಹೋದವು. ಒಂದು ಬಾಗಿಲು ಪಕ್ಕದ ಮನೆಯ ಕೋಳಿಗೂಡಿಗೆ ಆಯಿತು, ಇನ್ನೊಂದು ಹಿತ್ತಿಲ ಬೇಲಿಗೆ. ಮುಂದಿನ ಬಂಪರು ಆಡು ಕಟ್ಟುವ ಗೂಟವಾಯಿತು. ಹಾರ್ನು ತೆಗೆದು ಸಂತೆಯಲ್ಲಿ ಬೆಂಡು ಬತ್ತಾಸು ಮಾರುವವನಿಗೆ ಕೊಟ್ಟ. ದೀಪ ಯಾಕೆ, ಕತ್ತಲಲ್ಲಿ ಹೋಗಬಾರದು ಅಷ್ಟೇ ಅಂದ. ಬ್ಯಾಟರಿ ಇಲ್ಲದೆಯೂ ಆ ಎಂಜಿನ್ ಓಡುತ್ತಿತ್ತಂತೆ, ಅದನ್ನೂ ತೆಗೆದ. ಸೈಲೆನ್ಸರು ತೆಗೆದ ಮೇಲೆ ಕಾರು ಹೊರಟರೆ ಊರಿನ ಎತ್ತುಗಳೆಲ್ಲ ಮಳೆ ಬಂತು ಅಂದುಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದವಂತೆ. ಪಕ್ಕದ ಸೀಟು ಕಿತ್ತು ಅಲ್ಲಿ ಏನೂ ಇಡಲಿಲ್ಲ. ಕೊನೆಗೆ ಮೂತಿಯ ಮೇಲಿದ್ದ ಹಿತ್ತಾಳೆ ಬಿಲ್ಲೆ, ಕಾರಿನ ಹೆಸರು ಇದ್ದದ್ದು, ಹೆಸರೂ ಭಾರವೇ ಅಂತ ಅದನ್ನೂ ಕಿತ್ತನಂತೆ. ಮಾಬವ್ವ ಅದನ್ನು ಹಾಲಿನ ಚೊಂಬಿಗೆ ಮುಚ್ಚಳ ಮಾಡಿಕೊಂಡಳು. ಆ ಕಾರಿನ ಹೆಸರು ಏನು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಇಷ್ಟೆಲ್ಲ ತೆಗೆದ ಮೇಲೆ ಅವನು ಅದರೊಳಗೆ ಹತ್ತಿ ಕೂರುತ್ತಿದ್ದ. ಕಾರು ಒಂದು ಕಡೆಗೆ ವಾಲಿಕೊಂಡು ನಿಟ್ಟುಸಿರು ಬಿಡುತ್ತಿತ್ತು.

"ಕಾರಲ್ಲಿ ಇನ್ನ ತೆಗೆಯೋಕೆ ಉಳಿದಿರೋದು ನೀವೊಬ್ರೇ ಕಣ್ರಿ," ಅಂತ ಮಾಬವ್ವ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳಂತೆ. ಅವನು ಹೊಟ್ಟೆ ಕುಲುಕಿಸಿ ನಗುತ್ತಿದ್ದ.

ಆದರೆ ಅವಳಿಲ್ಲದೆ ಆ ಕಾರು ಹೊರಡುತ್ತಲೇ ಇರಲಿಲ್ಲ. ಬ್ಯಾಟರಿ ಇಲ್ಲವಲ್ಲ, ತಳ್ಳಿಯೇ ಚಾಲೂ ಮಾಡಬೇಕು. ತಳ್ಳಲು ಹೊನ್ನೂರಪ್ಪನಂಥ ಆಳು ಬೇಕು, ಕೂರಲು ಮಾಬವ್ವನಂಥ ಹಗುರದವಳು ಬೇಕು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು ಸ್ಟೇರಿಂಗ್ ಹಿಡಿಯುತ್ತಿದ್ದಳು, ಇವನು ಹಿಂದಿನಿಂದ ತಳ್ಳುತ್ತಿದ್ದ. ಕ್ಲಚ್ಚು ಬಿಡುವುದಕ್ಕೆ ಒಂದು ಗಳಿಗೆ ಇತ್ತು. ಮುಂಚೆ ಬಿಟ್ಟರೆ ನಿಲ್ಲುತ್ತದೆ, ತಡವಾದರೆ ಮುಗ್ಗರಿಸಿ ನಿಲ್ಲುತ್ತದೆ. ಆ ಗಳಿಗೆ ಊರಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಎಂಜಿನ್ ಹಿಡಿಯಿತು ಅಂದರೆ ಅವಳು ಬೀದಿಯ ತುದಿಯವರೆಗೆ ಓಡಿಸಿ ನಿಲ್ಲಿಸಿ ಇಳಿಯಬೇಕು, ಇವನು ಏದುಸಿರು ಬಿಡುತ್ತಾ ಹೋಗಿ ಹತ್ತಬೇಕು. ಬೀದಿ ದಾಟಿ ಒಂದು ಮಾರು ಕೂಡ ಅವಳ ಕೈಗೆ ಕಾರು ಕೊಟ್ಟವನಲ್ಲ. ಅಷ್ಟು ಪ್ರೀತಿ ಅವನಿಗೆ, ಕಾರಿನ ಮೇಲೆ.

ಮಾಬವ್ವನ ತವರು ತಗ್ಗಿನಹಟ್ಟಿ, ಹಿರೇಕೆರೆಯ ಕೆಳಗಿನ ಊರು. ಸುತ್ತ ಎಲ್ಲ ಎರೆ ಹೊಲ. ಮಳೆ ಬಂದರೆ ಆ ಕಪ್ಪು ಮಣ್ಣು ಎತ್ತನ್ನೂ ಬಿಡದು, ಗಾಡಿಯನ್ನೂ ಬಿಡದು. ಆಗ ಹೋಗಲು ಇದ್ದ ಒಂದೇ ದಾರಿ ಕೆರೆಯ ಏರಿ. ಆಚೆ ತುದಿ ಮಂಜಿನಲ್ಲಿ ಕರಗುವಷ್ಟು ಉದ್ದದ ಏರಿ. ಹೊನ್ನೂರಪ್ಪ ಗಾದಿ ಕೆಲಸಕ್ಕೆ ಅದರ ಮೇಲೆ ಕಾರು ಓಡಿಸಿಕೊಂಡು ಹೋದರೆ, ಸದ್ದು ಕೇಳಿದ ತಗ್ಗಿನಹಟ್ಟಿಯವರು ಮಾಡುತ್ತಿದ್ದ ಕೆಲಸ ಬಿಟ್ಟು ಊರಾಚೆಯ ಬೋಳುಗುಂಡು ಎಂಬ ಎತ್ತರದ ಬಂಡೆ ಹತ್ತುತ್ತಿದ್ದರಂತೆ. ಆ ಗುಂಡಿನ ಮೇಲೆ ನಿಂತರೆ ಏರಿ ಪೂರ್ತಿ ಕಾಣುತ್ತಿತ್ತು. ಮಕ್ಕಳು ಹತ್ತುತ್ತಿದ್ದರು, ಬಾಣಂತಿಯರು ಹತ್ತುತ್ತಿದ್ದರು. ಮಾಬವ್ವನ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಅವಳನ್ನೂ ಮಗ ಬೆನ್ನ ಮೇಲೆ ಹೊತ್ತು ಹತ್ತಿಸುತ್ತಿದ್ದನಂತೆ. ಅಳಿಯ ಬರೋದನ್ನ ಕಿವಿಯಲ್ಲೇ ನೋಡ್ತೀನಿ ಅನ್ನುತ್ತಿದ್ದಳಂತೆ ಆ ಮುದುಕಿ.

ಹೀಗಿರುವಾಗ ಒಂದು ವರ್ಷ ಬಿಡದೆ ಮಳೆ ಸುರಿಯಿತು. ಕೆರೆ ತುಂಬಿ ಕೋಡಿ ಬಿತ್ತು. ಮಳೆ ನಿಂತ ಬೆಳಗ್ಗೆ, ಕೆರೆ ಕಾಯುವ ನೀರುಗಂಟಿ ಓಬಯ್ಯ ಏರಿಯ ಬುಡದಲ್ಲಿ ನೀರು ಒಸರುವುದನ್ನು ಕಂಡ. ತಿಳಿ ನೀರಾಗಿದ್ದರೆ ಹೆದರುತ್ತಿರಲಿಲ್ಲ. ಕೆಂಪಗೆ, ಮಣ್ಣು ಕದಡಿಕೊಂಡು ಬರುತ್ತಿತ್ತು. ಅಂದರೆ ಏರಿಯ ಹೊಟ್ಟೆಯೊಳಗಿನ ಮಣ್ಣು ಹೋಗುತ್ತಿದೆ ಅಂತ ಅರ್ಥ. ಅವನು ಓಡಿ ಬಂದು ಜೋಳದಹಾಳಿನ ಕಟ್ಟೆಯ ಮುಂದೆ ಕುಸಿದು, ಏರಿ ಹೊತ್ತೇರೋ ತನಕ ತಡೆಯೋದಿಲ್ಲ, ತಗ್ಗಿನಹಟ್ಟಿಗೆ ಹೇಳಬೇಕು ಅಂದನಂತೆ.

ಹೇಳುವುದು ಹೇಗೆ? ಎರೆ ಹೊಲದಲ್ಲಿ ಮೊಣಕಾಲುದ್ದ ಕೆಸರು. ಏರಿಯ ಮೇಲೆ ಓಡುವವನು ಮುಟ್ಟುವಷ್ಟರಲ್ಲಿ ನೀರೇ ಮೊದಲು ಮುಟ್ಟುತ್ತದೆ. ಸಾಹುಕಾರರು ಒಳ್ಳೆಯವರು, ಕೇಳುವ ಮೊದಲೇ ತಮ್ಮ ದೊಡ್ಡ ಕಾರನ್ನು ಕಳಿಸಿದರು. ಅದರ ಮುಂದಿನ ಗಾಲಿ ಏರಿ ಹತ್ತಿದ್ದೇ ತಡ, ಮಣ್ಣು ಹಲ್ಲಿ ಬಾಯಿಯಷ್ಟು ಬಿರಿಯಿತು. ಡ್ರೈವರು ಬೆವರುತ್ತಾ ಹಿಂದಕ್ಕೆ ತೆಗೆದ.

ಆಗ ಜನ ಎಲ್ಲ ಹೊನ್ನೂರಪ್ಪನ ಕಡೆ ತಿರುಗಿದರು. ಇಷ್ಟು ದಿನ ಇವನ ಕಾರನ್ನು ತಗಡಿನ ಡಬ್ಬ ಅಂದವರೂ ತಿರುಗಿದರು. ಅವನು ಆಗಲೇ ಕಾರನ್ನು ಏರಿಯ ತಲೆಗೆ ತಂದು ನಿಲ್ಲಿಸಿದ್ದ. ಹತ್ತಿ ಕೂತ. ಗಾಲಿಯ ಕೆಳಗಿನ ಮಣ್ಣು ಅಂಬಲಿಯ ಕೆನೆಯ ಹಾಗೆ ನಡುಗಿತಂತೆ. ಇಳಿದ. ಮಣ್ಣು ಸುಮ್ಮನಾಯಿತು. ಇನ್ನೊಂದು ಸಲ ಹತ್ತಿ ನೋಡಿದ, ಇನ್ನೊಂದು ಸಲ ನಡುಗಿತು.

ಸಾಹುಕಾರರ ಡ್ರೈವರು ನಾನು ಹೋಗುತ್ತೇನೆ ಅಂತ ಮುಂದೆ ಬಂದ. ಸಣ್ಣ ಆಳೇ. ಆದರೆ ಆ ಕ್ಲಚ್ಚಿನ ಗುಣ ಅವನಿಗೆ ಗೊತ್ತಿರಲಿಲ್ಲ, ಏರಿಯ ನಡುವೆ ಕಾರು ನಿಂತರೆ ತಳ್ಳುವವರು ಯಾರು? ಹೊನ್ನೂರಪ್ಪ ಕಾರನ್ನು ನೋಡಿದ. ಇದರಿಂದ ಏನೇನು ತೆಗೆದೆ, ಇನ್ನು ತೆಗೆಯಲು ಏನುಳಿದಿದೆ ಅಂತ ಅವನಿಗೆ ಗೊತ್ತಿತ್ತು. ಮಾಬವ್ವನಿಗೂ ಗೊತ್ತಿತ್ತು. ಅವಳು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ನಂಗೆ ಬೀದಿ ಉದ್ದ ಓಡ್ಸೋದಷ್ಟೇ ಗೊತ್ತಿರೋದು," ಅಂದಳು.

"ಬೀದಿ ಮುಗೀತು ಅಂತ ನಿಲ್ಲಿಸ್ಬೇಡ," ಅಂದ ಹೊನ್ನೂರಪ್ಪ. "ಅಷ್ಟೇ ಕಣೆ."

ಕಾರನ್ನು ಹಿಂದಕ್ಕೆ ಎಳೆದುಕೊಂಡು, ಏರಿಯ ಮೇಲೆ ಕಾಲಿಡದೆ, ಈಚೆಯ ಗಟ್ಟಿ ನೆಲದ ಮೇಲೆಯೇ ತಳ್ಳಿದನಂತೆ. ಹಾಗೆ ಅವನು ಎಂದೂ ತಳ್ಳಿರಲಿಲ್ಲ. ಅವಳು ಆ ಗಳಿಗೆಗೆ ಸರಿಯಾಗಿ ಕ್ಲಚ್ಚು ಬಿಟ್ಟಳು. ಕಾರು ಗರ್ಜಿಸಿಕೊಂಡು ಏರಿ ಹತ್ತಿತು. ಗಾಲಿ ನೆಲ ಮುಟ್ಟಲೇ ಇಲ್ಲ ಅಂತ ಹೇಳುವವರಿದ್ದಾರೆ. ಮುಟ್ಟಿತು, ಆದರೆ ಒಂದು ಕಡೆ ಮುಟ್ಟಿ ಮಣ್ಣಿಗೆ ತಿಳಿಯುವ ಮೊದಲೇ ಇನ್ನೊಂದು ಕಡೆ ಇತ್ತು ಅಂತ ನೀರುಗಂಟಿ ಮನೆಯವರು ಹೇಳುತ್ತಾರೆ. ನಿಮಗೆ ಯಾವುದು ಇಷ್ಟವೋ ಅದನ್ನು ಇಟ್ಟುಕೊಳ್ಳಿ.

ಅವಳು ಏರಿಯ ಅರ್ಧವೂ ದಾಟಿರಲಿಲ್ಲ, ಸದ್ದು ತಗ್ಗಿನಹಟ್ಟಿಗೆ ಮುಟ್ಟಿತು. ಇಂಥ ದಿನ ಹೊನ್ನೂರಪ್ಪ ಬರುತ್ತಿದ್ದಾನಲ್ಲ, ಅದೂ ಇಷ್ಟು ಜೋರಾಗಿ ಅಂತ ಊರಿಗೆ ಊರೇ ಎದ್ದು ಗುಂಡು ಹತ್ತಿತು. ಮಕ್ಕಳು ಹತ್ತಿದರು, ಬಾಣಂತಿಯರು ಹತ್ತಿದರು, ಕುರುಡು ಮುದುಕಿಯನ್ನು ಹೊತ್ತ ಮಗನೂ ಹತ್ತಿದ. ಯಾರೂ ಹೇಳಲಿಲ್ಲ, ಯಾರೂ ಕೂಗಲಿಲ್ಲ. ಮೇಲೆ ಕೂತ ಮುದುಕಿ ಕಿವಿಗೊಟ್ಟು ಕೇಳಿ, ಇದು ಅಳಿಯ ಅಲ್ಲ, ನನ್ನ ಮಗಳು ಅಂದಳಂತೆ. ಅವಳು ಹಾಗೆ ಅಂದ ಮೇಲೆ ಏರಿ ಒಡೆಯಿತು.

ಈಚೆ ತುದಿಯಲ್ಲಿ ಹೊನ್ನೂರಪ್ಪನಿಗೆ ಕಂಡದ್ದು ಇಷ್ಟೇ. ಏರಿಯ ನಡುವೆ ಒಂದು ದೊಡ್ಡ ಬಾಯಿ, ಅದರಲ್ಲಿ ಕೆಂಪು ನೀರು, ನೀರಿನಿಂದೆದ್ದ ಮಂಜು. ಆಚೆ ಏನೂ ಕಾಣಲಿಲ್ಲ. ನೀರಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅವನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ಎಲ್ಲ ತೆಗೆದೆ, ಎಲ್ಲ ತೆಗೆದೆ, ಕೊನೆಗೆ ಅವಳನ್ನೂ ಕಳಕೊಂಡೆ ಅಂತ ಎದೆ ಬಡಿದುಕೊಂಡು ಅತ್ತನಂತೆ. ಅಷ್ಟು ದೊಡ್ಡ ಆಳು ಅಳುವುದನ್ನು ನೋಡಲಾರದೆ ಜನ ಮುಖ ತಿರುಗಿಸಿಕೊಂಡರು.

ಆಮೇಲೆ ಅವನು ಅಳುವುದನ್ನು ನಿಲ್ಲಿಸಿ ಕತ್ತು ಎತ್ತಿದ. ಬೇರೆ ಯಾರಿಗೂ ಇನ್ನೂ ಏನೂ ಕೇಳಿಸಿರಲಿಲ್ಲ. ಅವನಿಗೆ ಕೇಳಿಸಿತು. ನೀರಿನಾಚೆ ಎಲ್ಲೋ ಎಂಜಿನ್ ಗುರ್ ಅನ್ನುತ್ತಿತ್ತು. ಒಂದು ಸಲ ಜೋರು, ಒಂದು ಸಲ ಮೆಲ್ಲಗೆ, ಮತ್ತೆ ಜೋರು. ಮಾಬವ್ವ ಆಚೆ ದಡದಲ್ಲಿ ಕಾರಿನಿಂದ ಇಳಿದೇ ಇರಲಿಲ್ಲವಂತೆ. ಇವನಿಗೆ ಕಾಣುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ಕೇಳಿಸುತ್ತದೆ ಅಂತಲೂ ಗೊತ್ತಿತ್ತು. ಅದಕ್ಕೇ ಆಕ್ಸಿಲರೇಟರು ಒತ್ತುತ್ತಾ ಕೂತಳು. ಮಧ್ಯಾಹ್ನದವರೆಗೆ ಒತ್ತಿದಳು, ನೀರಿನ ಅಬ್ಬರ ಇಳಿದ ಹಾಗೆ ಉಳಿದವರಿಗೂ ಕೇಳಿಸಿತು. ಕೊನೆಗೆ ಆ ಸದ್ದು ಎರಡು ಸಲ ಸೀನಿ ನಿಂತಿತು. ಜನ ಗಾಬರಿಯಾದರು. ಹೊನ್ನೂರಪ್ಪ ಕಣ್ಣು ಒರೆಸಿಕೊಂಡು ನಕ್ಕನಂತೆ.

"ಏನಾಗಿಲ್ಲ," ಅಂದ. "ಪೆಟ್ರೋಲು ಮುಗೀತು."

ನೀರು ಇಳಿದ ಮೇಲೆ ಅವನು ಎರೆ ಕೆಸರಿನಲ್ಲಿ ಸುತ್ತಿ ಬಳಸಿ ನಡೆದು ಹೋದ. ತಗ್ಗಿನಹಟ್ಟಿಯಲ್ಲಿ ಮನೆಗಳು ಬಿದ್ದಿದ್ದವು, ಒಂದು ಜೀವವೂ ಹೋಗಿರಲಿಲ್ಲ. ಮಾಬವ್ವ ಅವನನ್ನು ನೋಡಿ, ಇಷ್ಟು ನಡೆದೂ ಒಂದಿಷ್ಟೂ ಕರಗಿಲ್ಲವಲ್ಲ ಅಂತ ಹೇಳಿ ಅತ್ತಳಂತೆ. ಆಮೇಲೆ ಹೊನ್ನೂರಪ್ಪ ಆ ಕಾರಿನಿಂದ ಏನನ್ನೂ ತೆಗೆಯಲಿಲ್ಲ. ಒಂದೇ ಒಂದನ್ನು ವಾಪಸ್ ಹಾಕಿದ, ಪಕ್ಕದ ಸೀಟು. ಅವನು ಹಿಂಜಿದ್ದರಲ್ಲೆಲ್ಲ ಒಳ್ಳೆಯ ಅರಳೆ ಅದರೊಳಗಿತ್ತು ಅಂತ ಹೇಳುತ್ತಾರೆ. ಅಲ್ಲಿಂದ ಮುಂದೆ ಬೀದಿ ತುದಿಯಲ್ಲಿ ಅವಳು ಇಳಿಯಬೇಕಾಗಿರಲಿಲ್ಲ, ಪಕ್ಕಕ್ಕೆ ಸರಿದರೆ ಸಾಕಿತ್ತು. ಕೆಲವು ದಿನ ಅವನೇ ಪಕ್ಕದಲ್ಲಿ ಕೂರುತ್ತಿದ್ದನಂತೆ.

ಈಗ ಹಿರೇಕೆರೆಯ ಏರಿಗೆ ಕಲ್ಲು ಕಟ್ಟಿದ್ದಾರೆ, ಮೇಲೆ ಟಾರು ಹಾಕಿದ್ದಾರೆ, ಕಬ್ಬಿನ ಲಾರಿಯೇ ಹೋಗುತ್ತದೆ. ಆದರೂ ನಮ್ಮ ಕಡೆಯವರು ಏರಿಯ ತಲೆಗೆ ಬಂದಾಗ ಗಾಡಿ ನಿಲ್ಲಿಸುತ್ತಾರೆ. ಗಾಡಿಯಲ್ಲಿ ಯಾರು ಎಲ್ಲರಿಗಿಂತ ದಪ್ಪವೋ ಅವರು ಇಳಿದು ನಡೆಯಬೇಕು. ಮದುವೆ ದಿಬ್ಬಣ ಬಂದರೆ ನಾನಲ್ಲ ನೀನು ಅಂತ ಬೀಗರಲ್ಲಿ ಜಗಳ, ನಗು, ಕೊನೆಗೆ ಯಾರೋ ಒಬ್ಬ ಮಾವ ಇಳಿಯುತ್ತಾನೆ. ಅವನು ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತಾ ಏರಿಯುದ್ದಕ್ಕೂ ಒಬ್ಬನೇ ನಡೆದು ಬರುತ್ತಾನೆ. ಉಳಿದವರು ಗಾಡಿಯಲ್ಲಿ ಮುಂದೆ ಹೋಗಿ ಆಚೆ ತುದಿಯಲ್ಲಿ ಕಾಯುತ್ತಾರೆ. ಎಷ್ಟು ಹೊತ್ತಾದರೂ, ಡೀಸೆಲ್ಲು ಎಷ್ಟೇ ಸುಟ್ಟರೂ, ಎಂಜಿನ್ ಮಾತ್ರ ಆರಿಸುವುದಿಲ್ಲ. ನಡೆದು ಬರುವವನಿಗೆ ಅದು ಕೇಳಿಸುತ್ತಿರಬೇಕು.